ಗೆಳತಿಯ ಮಸಲ್ ಕಾರು, ನನ್ನ ಸಿಟ್ಟು

ನೇಪರ್‌ವಿಲ್ಲಿನ ನನ್ನ ಗೆಳತಿಯ ಮನೆಯ ಊಟದ ಮೇಜಿನಲ್ಲಿ ಅವಳ ಗಂಡ ಹಾರ್ಸ್‌ಪವರ್ ಎಂದರೇನು ಎಂದು ನನಗೆ ಪಾಠ ಹೇಳಲು ಶುರುಮಾಡಿದಾಗ ನನ್ನ ಕೈಯಲ್ಲಿ ಬಿಸಿಬೇಳೆಬಾತಿನ ಸೌಟಿತ್ತು. ಅದನ್ನು ಪಾತ್ರೆಗೆ ವಾಪಸ್ಸಿಟ್ಟೆ. ಇಟ್ಟಿದ್ದೇ ಒಳ್ಳೆಯದಾಯಿತು.

ನಾನು ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿ, ಕಾರಿನ ಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಚಕ್ರಕ್ಕೆ ಹೋಗಿ ಮುಟ್ಟುವ ದಾರಿಯಿದೆಯಲ್ಲ, ಗೇರ್‌ಬಾಕ್ಸು, ಉದ್ದನೆಯ ಶಾಫ್ಟು, ಹಿಂದಿನ ಡಿಫರೆನ್ಷಿಯಲ್ಲು, ಆ ದಾರಿಯೇ ನನ್ನ ಕೆಲಸ. ಮದುವೆಗೆ ಮುಂಚಿನಿಂದಲೂ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಮಸಲ್ ಕಾರು ಎಂದು ಕರೆಸಿಕೊಳ್ಳುವ ಎರಡು ಬಾಗಿಲಿನ, ಉದ್ದ ಮೂತಿಯ, ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರುಗಳಲ್ಲಿ ಒಂದಕ್ಕೆ ನಾವು ಮಾಡಿದ ಭಾಗ ಹೋಗುತ್ತಿತ್ತು. ಯಾವುದಕ್ಕೆ ಎಂದು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ. ಆದರೆ ಅದರ ಜೊತೆ ಉಳಿದ ಕಾರುಗಳನ್ನೂ ಟೆಸ್ಟ್ ಟ್ರ್ಯಾಕಿನಲ್ಲಿ ಓಡಿಸಿ, ಬಿಚ್ಚಿ, ಜೋಡಿಸಿ ನೋಡಿದವಳು ನಾನು. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

"ನೋಡಿ, ಪವರ್ ಅಂದ್ರೆ ಎಲ್ಲಾ," ಎಂದರು ಅವರು, ಪೇಪರ್ ನ್ಯಾಪ್ಕಿನ್ ಮೇಲೆ ಒಂದು ಗೆರೆ ಎಳೆದು. ಐಟಿಯಲ್ಲಿ ಮ್ಯಾನೇಜರ್, ಬೆಂಗಳೂರಿನವರು, ಒಳ್ಳೆಯ ಮನುಷ್ಯ. ಯಾವ ವಿಷಯವನ್ನಾದರೂ ನಾಲ್ಕು ವಿಡಿಯೋ ನೋಡಿ ಕಲಿತುಬಿಡಬಹುದು ಎಂದು ನಂಬಿದವರು. "ಹ್ಯಾಂಡ್ಲಿಂಗ್ ಗೀಂಡ್ಲಿಂಗ್ ಎಲ್ಲ ಯೂರೋಪಿಯನ್ ಕಾರಿನವ್ರು ಕಟ್ಟಿರೋ ಕಥೆ."

ನಾನು ಗೆಳತಿಯ ಮುಖ ನೋಡಿದೆ. ಅವಳು ಸೌತೆಕಾಯಿ ಹೆಚ್ಚುತ್ತಾ ನಗು ತಡೆದುಕೊಳ್ಳುತ್ತಿದ್ದಳು. ಅವಳ ನಗು ನೋಡಿ ನನ್ನ ಸಿಟ್ಟು ಇನ್ನೂ ಏರಿತು.

ಅಷ್ಟು ದೂರ ಡ್ರೈವ್ ಮಾಡಿಕೊಂಡು ನಾನು ಬಂದಿದ್ದು ಅವಳಿಗೋಸ್ಕರ. ಅವಳು ಡಾಕ್ಟರು, ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯೆ. ಮೈಸೂರಿನಲ್ಲಿ ಪಕ್ಕಪಕ್ಕದ ಬೀದಿಯಲ್ಲಿ ಬೆಳೆದವರು ನಾವು. ಅವಳ ಮಗಳು ಹುಟ್ಟಿದಾಗಿನಿಂದ ಅವಳು ಓಡಿಸಿದ್ದು ಮಿನಿವ್ಯಾನ್ ಮಾತ್ರ. ಮಗಳ ಡ್ಯಾನ್ಸ್ ಕ್ಲಾಸು, ಪಕ್ಕದ ಮನೆಯ ಮಕ್ಕಳ ಈಜು, ಹಬ್ಬಕ್ಕೆ ಲೆಮಾಂಟಿನ ದೇವಸ್ಥಾನಕ್ಕೆ ಹೋಗುವಾಗ ಯಾರ್ಯಾರದೋ ಅತ್ತೆ ಮಾವಂದಿರು, ಪುಳಿಯೋಗರೆಯ ದೊಡ್ಡ ಟ್ರೇಗಳು, ಎಲ್ಲವನ್ನೂ ಆ ವ್ಯಾನು ಹೊತ್ತು ಸಾಗಿಸಿತು. ಆಮೇಲೆ ಮಗಳು ಕಾಲೇಜಿಗೆ ಹೋದಳು. ವ್ಯಾನಿನ ಗೇರ್‌ಬಾಕ್ಸ್ ಕೈಕೊಟ್ಟಿತು. ಮುಂದೆ ಯಾವ ಕಾರು ಎಂಬ ಮಾತು ಬಂದಾಗ ಅವಳು ಎಂಟು ಹತ್ತು ಜನ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಕೂತಿದ್ದ ಪಾಟ್‌ಲಕ್ಕಿನಲ್ಲಿ, "ನಂಗೊಂದು ಮಸಲ್ ಕಾರ್ ಬೇಕು," ಎಂದಳಂತೆ.

ಎಲ್ಲರೂ ನಕ್ಕರಂತೆ. ತಮಾಷೆ ಎಂದುಕೊಂಡು ನಕ್ಕಿದ್ದರೆ ಸರಿ. ಅವಳು ತಮಾಷೆ ಮಾಡುತ್ತಿಲ್ಲ ಎಂದು ತಿಳಿದ ಮೇಲೆ ಇನ್ನೂ ಜೋರಾಗಿ ನಕ್ಕರಂತೆ. "ಆಂಟಿ, ಗ್ರೋಸರಿ ಎಲ್ಲಿ ಇಡ್ತೀರಾ?" ಎಂದು ಒಬ್ಬ. "ಮೊಣಕಾಲು ನೋವಿಗೆ ಆಗ್ಬರಲ್ಲ ಕಣೇ," ಎಂದು ಇನ್ನೊಬ್ಬಳು. ಮಗಳು ಫೋನಿನಲ್ಲೇ, "ಅಮ್ಮಾ, ದಟ್ಸ್ ಸೋ ಎಂಬರಾಸಿಂಗ್," ಎಂದಳಂತೆ. ಇದನ್ನೆಲ್ಲ ಗೆಳತಿ ನನಗೆ ಫೋನಿನಲ್ಲಿ ಯಾರದೋ ಕಥೆಯಂತೆ ಹೇಳಿದಳು. ಅದೇ ವಯಸ್ಸಿನ ಗಂಡಸು ಕೆಂಪು ಕಾರು ಕೊಂಡರೆ ಬೆನ್ನು ತಟ್ಟುತ್ತಾರೆ, ಒಂದು ರೌಂಡ್ ಹೋಗಿ ಬರೋಣ ಎನ್ನುತ್ತಾರೆ. ನನಗೆ ತಡೆಯಲಾಗಲಿಲ್ಲ. "ಮುಂದಿನ ಶನಿವಾರ ಬರ್ತೀನಿ. ಮೂರೂ ಓಡಿಸಿ ನೋಡೋಣ. ನಿಂಗೆ ಸರಿಯಾದ್ದನ್ನ ನಾನು ಕೊಡಿಸ್ತೀನಿ," ಎಂದೆ.

ಮೂರು ಎಂದರೆ ಮಸ್ಟಾಂಗ್, ಕಮಾರೋ, ಚಾಲೆಂಜರ್. ಹೊಸದಾಗಿ ಈಗ ಸಿಗುವುದು ಮಸ್ಟಾಂಗ್ ಒಂದೇ. ಉಳಿದೆರಡನ್ನು ಮಾಡುವುದು ನಿಲ್ಲಿಸಿದ್ದಾರೆ. ಹಾಗಾಗಿ ಶನಿವಾರ ಊಟವಾದ ಮೇಲೆ ಹೊಸ ಕಾರಿನ ಶೋರೂಮು ಬಿಟ್ಟು, ಊರಾಚೆ ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಹಳೆಯ ಕಾರುಗಳನ್ನು ನಿಲ್ಲಿಸಿ ಮಾರುವ ದೊಡ್ಡ ಲಾಟಿಗೆ ಹೋದೆವು. ಮೂರೂ ಅಲ್ಲೇ ಸಾಲಾಗಿ ನಿಂತಿದ್ದವು. ಬೆಳಿಗ್ಗೆ ಸಣ್ಣ ಮಳೆ ಬಂದು ಹೋಗಿತ್ತು, ಡಾಂಬರು ಇನ್ನೂ ಹೊಳೆಯುತ್ತಿತ್ತು.

ಮಾರಾಟದವನು ನಗುತ್ತಾ ಬಂದ, ಗೆಳತಿಯ ಗಂಡನ ಕೈ ಕುಲುಕಿದ. "ನಿಮಗೆ ಯಾವುದು ತೋರಿಸಲಿ?" ಎಂದು ಅವರನ್ನೇ ಕೇಳಿದ. ಕಾರು ತನಗೆ ಎಂದು ಗೆಳತಿ ಹೇಳಿದಳು. ಅವನು ಅವಳತ್ತ ತಿರುಗಿ, ಯಾವ ಬಣ್ಣ ಇಷ್ಟ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ಅವರತ್ತ ತಿರುಗಿ ಎಂಜಿನ್ನಿನ ಮಾತು ಶುರುಮಾಡಿದ. ಅವರಾದರೂ ತಿದ್ದಬೇಡವೇ? ತಿದ್ದಲಿಲ್ಲ. ತಲೆಯಾಡಿಸುತ್ತಾ ನಿಂತರು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸೂಪರ್‌ಚಾರ್ಜರ್ ಹಾಕಿದ, ಏಳುನೂರು ಚಿಲ್ಲರೆ ಹಾರ್ಸ್‌ಪವರಿನ ಚಾಲೆಂಜರ್ ಒಂದಿದೆಯೇ ಎಂದು ವಿಚಾರಿಸಿದರು. ಇತ್ತು. ಆದರೆ ಅದನ್ನು ಓಡಿಸಿ ನೋಡಲು ಕೊಡುವುದಿಲ್ಲವೆಂದ.

ಮೊದಲು ಕಮಾರೋ. ಬೀಗದ ಕೈಯನ್ನು ಅವನು ಕೊಟ್ಟಿದ್ದು ಗೆಳತಿಯ ಗಂಡನ ಕೈಗೆ. "ಒಂದ್ ರೌಂಡ್ ನಾನು ನೋಡ್ತೀನಿ, ಆಮೇಲೆ ನೀನು," ಎಂದರು ಅವರು ಹೆಂಡತಿಗೆ. ಅವಳು ಮುಂದೆ ಕೂತಳು, ನಾನು ಹಿಂದೆ. ಕಮಾರೋದ ಹಿಂದಿನ ಸೀಟನ್ನು ಸೀಟು ಎಂದು ಕರೆಯುವುದೇ ಅನ್ಯಾಯ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ನೆತ್ತಿ ಹಿಂದಿನ ಗಾಜಿಗೆ. ಟ್ರ್ಯಾಕಿನಲ್ಲಿ ಎಷ್ಟೋ ಸಾರಿ ಓಡಿಸಿದ್ದ ಕಾರಿನಲ್ಲಿ ಸಾಮಾನಿನಂತೆ ಮುದುಡಿ ಕೂತು, ಅವರು ಎರಡನೇ ಗೇರಿನಿಂದ ನಾಲ್ಕಕ್ಕೆ ಹಾರಿಸುವುದನ್ನು ನೋಡಿದೆ. ಕಮಾರೋದ ಸೊಗಸು ಇರುವುದು ತಿರುವಿನಲ್ಲಿ. ಮೈ ವಾಲುವುದಿಲ್ಲ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ, ರಸ್ತೆಯಲ್ಲಿ ಏನಿದೆಯೆಂದು ಅಂಗೈಗೆ ತಿಳಿಯುತ್ತದೆ. ಅವರು ಅದನ್ನು ಒಂದೇ ಒಂದು ತಿರುವೂ ಇಲ್ಲದ ನೇರ ರಸ್ತೆಯಲ್ಲಿ ಓಡಿಸಿ, ಮೂರು ಸಾರಿ ಜೋರಾಗಿ ಒದರಿಸಿ, ವಾಪಸ್ ತಂದು ನಿಲ್ಲಿಸಿದರು. "ಸೌಂಡ್ ಪರ್ವಾಗಿಲ್ಲ," ಎಂದರು.

ಆಮೇಲೆ ಮಸ್ಟಾಂಗ್. ಈ ಸಾರಿ ಮಾರಾಟದವನೂ ಮುಂದಿನ ಸೀಟಿನಲ್ಲಿ ಕೂತ. ನಾವಿಬ್ಬರು ಹೆಂಗಸರು ಹಿಂದೆ. ಮಸ್ಟಾಂಗಿನ ಎಂಜಿನ್ ಮೇಲೇರಿದಷ್ಟೂ ಖುಷಿಪಡುವಂಥದು, ಅರ್ಧಕ್ಕೇ ಗೇರ್ ಬದಲಾಯಿಸಿದರೆ ಅದಕ್ಕೆ ಅವಮಾನ. ಹಿಂದಿನ ಎರಡು ಚಕ್ರಗಳಿಗೂ ಈಗ ಬೇರೆಬೇರೆ ಸಸ್ಪೆನ್ಷನ್ ಇರುವುದರಿಂದ ಹಳೆಯ ಮಸ್ಟಾಂಗುಗಳಂತೆ ಗುಂಡಿಗೆ ಬಿದ್ದರೆ ಕುಂಡಿ ಎತ್ತಿ ಒದೆಯುವುದಿಲ್ಲ. ಆದರೂ ಶಕ್ತಿಯೆಲ್ಲ ಹಿಂದಿನ ಚಕ್ರಗಳಿಗೇ ಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಅದನ್ನು ಮರೆಯಬಾರದು.

ಅವರು ಮರೆತರು. ಅದಕ್ಕೂ ಮೊದಲು ಗುಂಡಿಯೊಂದನ್ನು ಒತ್ತಿ, ರೇಸಿಗೆಂದೇ ಇರುವ ಟ್ರ್ಯಾಕ್ ಮೋಡ್‌ಗೆ ಹಾಕಿದ್ದರು. ಆ ಮೋಡ್‌ನಲ್ಲಿ ಕಾರು ಜಾರಿದರೂ ಕಂಪ್ಯೂಟರ್ ಬೇಗ ಅಡ್ಡ ಬರುವುದಿಲ್ಲ.

"ಅದನ್ನ ನಾರ್ಮಲ್‌ಗೆ ಹಾಕಿ. ರಸ್ತೆ ಒದ್ದೆ ಇದೆ," ಎಂದೆ ಹಿಂದಿನಿಂದ.

"ಏನಾಗಲ್ಲ, ಟೈರ್ ಚೆನ್ನಾಗಿದೆ."

ಹೆದ್ದಾರಿಗೆ ಹತ್ತುವ ಸುತ್ತುದಾರಿಯ ಅರ್ಧದಲ್ಲಿ ಅವರು ಆಕ್ಸಿಲರೇಟರ್ ಒತ್ತಿದರು. ತಿರುವಿನಲ್ಲಿ ಎತ್ತಿನಗಾಡಿಯನ್ನು ನೆನೆಸಿಕೊಳ್ಳಿ: ಹೊರಗಿನ ಎತ್ತು ಹೆಚ್ಚು ಹೆಜ್ಜೆ ಹಾಕಬೇಕು, ಒಳಗಿನದು ಕಡಿಮೆ. ಕಾರಿನಲ್ಲಿ ಆ ಲೆಕ್ಕ ಸರಿದೂಗಿಸುವುದೇ ಡಿಫರೆನ್ಷಿಯಲ್ಲು. ಆದರೆ ಎರಡೂ ಎತ್ತುಗಳ ಬೆನ್ನಿಗೆ ಒಟ್ಟಿಗೆ ಬಾರುಕೋಲು ಬೀಸಿದರೆ ಲೆಕ್ಕ ಯಾರು ಕೇಳುತ್ತಾರೆ? ಕಾರಿನ ಹಿಂಭಾಗ ಹೊರಕ್ಕೆ ಹೊರಟಿತು. ನಾನು ಪಕ್ಕದ ಕಿಟಕಿಯಿಂದ ಮುಂದಿನ ರಸ್ತೆಯನ್ನು ನೋಡಿದೆ, ಅಷ್ಟು ಅಡ್ಡವಾಗಿದ್ದೆವು. ಗೆಳತಿ ನನ್ನ ಕೈ ಹಿಡಿದಳು. ಅವರು ಬ್ರೇಕ್ ತುಳಿದರು, ಕಾರು ಇನ್ನೊಂದು ಕಡೆಗೆ ಬೀಸಿತು, ಕೊನೆಗೂ ಕಂಪ್ಯೂಟರ್ ಎಚ್ಚೆತ್ತು ಯಾವುದೋ ಚಕ್ರ ಹಿಡಿದು ನಿಲ್ಲಿಸಿತು. ಎರಡು ಚಕ್ರ ಹುಲ್ಲಿನಲ್ಲಿದ್ದವು. ಹಿಂದೆ ಯಾವ ಲಾರಿಯೂ ಇರಲಿಲ್ಲ. ಅದೊಂದೇ ಪುಣ್ಯ.

ಅವರ ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಆಗ ಪಾಪ ಎನಿಸಿತು, ಸುಳ್ಳು ಹೇಳುವುದಿಲ್ಲ. ಮಾರಾಟದವನು ಉಸಿರು ಬಿಟ್ಟು, ಹಿಂದೆ ತಿರುಗಿ, ನನ್ನ ಗೆಳತಿಯನ್ನು ನೋಡಿ ಮೆಲ್ಲಗೆ ಹೇಳಿದ: "ನೋಡಿದಿರಲ್ಲ ಮ್ಯಾಮ್, ಇದು ಹೆಂಗಸರಿಗೆ ಸ್ವಲ್ಪ ಹೆಚ್ಚಿನ ಕಾರು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಕಾರನ್ನು ಹುಲ್ಲಿಗೆ ಇಳಿಸಿದ್ದು ಯಾರು, ಬುದ್ಧಿಮಾತು ಹೇಳಿದ್ದು ಯಾರಿಗೆ? ಈ ದೇಶಕ್ಕೆ ಬಂದ ಮೇಲೆ, ಅದಕ್ಕೆ ಮುಂಚೆ ನಮ್ಮೂರಿನಲ್ಲೂ, ಇಂಥದನ್ನು ಬಹಳ ಕೇಳಿದ್ದೇನೆ. ಮೀಟಿಂಗಿನಲ್ಲಿ ನಾನು ಹೇಳಿದ್ದನ್ನು ಪಕ್ಕದವನು ಪುನಃ ಹೇಳಿದಾಗ ಎಲ್ಲರೂ ತಲೆದೂಗಿದ್ದಿದೆ. ಟ್ರ್ಯಾಕಿಗೆ ಬಂದ ಅತಿಥಿಗಳು ಕಾಫಿ ಎಲ್ಲಿ ಎಂದು ನನ್ನನ್ನೇ ಕೇಳಿದ್ದಿದೆ. ಅವಕ್ಕೆಲ್ಲ ಏನೋ ಒಂದು ನೆಪ ಹುಡುಕಬಹುದಿತ್ತು. ಇದಕ್ಕೆ ನೆಪವೇ ಇರಲಿಲ್ಲ. ತಪ್ಪು ಕಣ್ಣೆದುರೇ ನಡೆದಿತ್ತು, ಟೈರಿನ ಗುರುತು ಇನ್ನೂ ರಸ್ತೆಯ ಮೇಲಿತ್ತು.

"ಇಳೀರಿ," ಎಂದೆ. ಕನ್ನಡದಲ್ಲೇ ಹೇಳಿದೆ. ಮಾರಾಟದವನಿಗೂ ಅರ್ಥವಾಯಿತೆಂದು ಕಾಣುತ್ತದೆ.

ಗೆಳತಿಯ ಗಂಡ ಇಳಿದು ಹಿಂದೆ ಬಂದು ಕೂತರು. ಗೆಳತಿ ಸ್ಟೀರಿಂಗ್ ಹಿಡಿದಳು. ಮ್ಯಾನ್ಯುಯಲ್ ಗೇರ್ ಅಭ್ಯಾಸವಿದೆಯೇ ಎಂದು ಅವನು ಕೇಳಿದ. ಅವಳು ಓದು ಮುಗಿಸಿ ಚಾಮರಾಜನಗರದ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ, ಡ್ರೈವರ್ ಇಲ್ಲದ ದಿನ ಆಸ್ಪತ್ರೆಯ ಜೀಪಿನಲ್ಲಿ ಬಸುರಿಯರನ್ನು ತಾನೇ ಕರೆತರುತ್ತಿದ್ದವಳು. ಅದನ್ನು ಅವನಿಗೆ ಹೇಳಲಿಲ್ಲ. "ಎಸ್," ಎಂದಷ್ಟೇ ಹೇಳಿ ಮೋಡ್ ಅನ್ನು ನಾರ್ಮಲ್ಲಿಗೆ ಹಾಕಿ, ಕ್ಲಚ್ ಬಿಟ್ಟು, ಮಸ್ಟಾಂಗನ್ನು ಹುಲ್ಲಿನಿಂದ ಮಗುವನ್ನು ತೊಟ್ಟಿಲಿನಿಂದ ಎತ್ತುವಂತೆ ಎತ್ತಿ ರಸ್ತೆಗೆ ತಂದಳು. ಹೆದ್ದಾರಿಯಲ್ಲಿ ಒಂದು ಎಕ್ಸಿಟ್ ದೂರ ಹೋಗಿ ವಾಪಸ್ ಬಂದೆವು. ಗೇರುಗಳು ಒಂದಾದ ಮೇಲೊಂದು ಸದ್ದಿಲ್ಲದೆ ಬಿದ್ದವು.

ಲಾಟಿಗೆ ಬಂದ ಮೇಲೆ ಕಮಾರೋವನ್ನೂ ಅವಳ ಕೈಗೆ ಕೊಡಿಸಿದೆ. ನಾನು ಪಕ್ಕದಲ್ಲಿ, ಮಾರಾಟದವನು ಹಿಂದೆ, ನೆತ್ತಿ ಗಾಜಿಗೆ. ಸುತ್ತುದಾರಿಯಲ್ಲಿ ಅವಳು ಕಮಾರೋವನ್ನು ಎಷ್ಟು ನವಿರಾಗಿ ತಿರುಗಿಸಿದಳೆಂದರೆ, ಇದೇ, ಇದೇ ಇವಳ ಕಾರು ಎಂದು ನಾನು ಒಳಗೇ ತೀರ್ಮಾನಿಸಿಬಿಟ್ಟೆ.

"ಹೇಗಿದೆ?" ಎಂದೆ.

"ಚೆನ್ನಾಗಿದೆ ಕಣೇ. ಆದ್ರೆ ಏನೂ ಕಾಣಲ್ವಲ್ಲೇ. ಕಿಟಕಿ ಅನ್ನೋದು ಅಂಚೆ ಡಬ್ಬಿ ಬಾಯಿ ಥರ ಇದೆ."

"ಅಭ್ಯಾಸ ಆಗತ್ತೆ."

ಅವಳು ಕಾರು ನಿಲ್ಲಿಸಿ ಇಳಿದು, ಸಾಲಿನ ಕೊನೆಯಲ್ಲಿದ್ದ ಕಡುನೀಲಿ ಚಾಲೆಂಜರ್ ಕಡೆ ನಡೆದಳು. ಅದು ಸೂಪರ್‌ಚಾರ್ಜರಿನದಲ್ಲ, ಎಂಟು ಸಿಲಿಂಡರಿನದೂ ಅಲ್ಲ. ಆರು ಸಿಲಿಂಡರ್, ಆಟೋಮ್ಯಾಟಿಕ್ ಗೇರು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದು. ಶಕ್ತಿಯಲ್ಲಿ ಆ ಮೂರು ಕಾರುಗಳ ಜಾತಿಯಲ್ಲೇ ಬಡಪಾಯಿ. ತೂಕದಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. ತಿರುವಿನಲ್ಲಿ ಎಮ್ಮೆ ಮಗ್ಗುಲು ಬದಲಾಯಿಸಿದಂತೆ ವಾಲುತ್ತದೆ. ಅವಳು ಅದರ ಬಾಗಿಲು ತೆಗೆದು ಕೂತು, ಸೀಟು ಸರಿಸಿಕೊಂಡು, ಕಿಟಕಿಯಿಂದ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ನಕ್ಕಳು. ಒಂದು ಸುತ್ತು ಹೋಗಿ ಬಂದು, "ಇದೇ," ಎಂದಳು.

ಆ ದಿನ ನನಗೆ ಬಂದ ಸಿಟ್ಟುಗಳಲ್ಲೆಲ್ಲ ದೊಡ್ಡದು ಇದು.

"ತಲೆ ಕೆಟ್ಟಿದ್ಯೇನೇ? ಅದು ಮಸಲ್ ಕಾರೇ ಅಲ್ಲ. ಆರು ಸಿಲಿಂಡರ್! ನಾಲ್ಕು ಚಕ್ರ! ಅದರ ಬದಲು ಇನ್ನೊಂದು ಮಿನಿವ್ಯಾನೇ ತಗೋ."

"ಯಾಕೆ ಕೂಗ್ತೀಯಾ?"

"ಕೂಗದೆ ಏನ್ ಮಾಡ್ಲಿ? ಆ ಕಮಾರೋನ ಹಾಗೆ ತಿರುಗಿಸಿದೀಯಾ, ಅದನ್ನ ಬಿಟ್ಟು ಈ ದೋಣಿ ತಗೋತೀನಿ ಅಂತೀಯಲ್ಲ!"

ಅವಳು ಕಾರಿನ ಮೂತಿಗೆ ಒರಗಿ ನಿಂತು, ಆಪರೇಷನ್ ಥಿಯೇಟರಿನಲ್ಲಿ ಹೆದರಿದ ರೋಗಿಯೊಡನೆ ಮಾತಾಡುವ ದನಿಯಲ್ಲೇ ಮಾತಾಡಿದಳು. "ನಮ್ಮನೆಯಿಂದ ಆಸ್ಪತ್ರೆಗೆ ಹೋಗೋ ದಾರೀಲಿ ಒಂದು ತಿರುವು ತೋರ್ಸು ನಂಗೆ. ಇಲ್ಲಿ ರೋಡೆಲ್ಲ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ. ಜನವರೀಲಿ, ಹಿಮ ತೆಗೆಯೋ ಗಾಡಿ ಬರೋಕ್ ಮುಂಚೆ, ಎಮರ್ಜೆನ್ಸಿ ಅಂತ ಕರೆ ಬರತ್ತೆ. ನಾನು ಹೋಗ್ಲೇಬೇಕು. ಹಿಂದಿನ ಚಕ್ರದ್ ಕಾರಲ್ಲಿ ನಮ್ಮ ಡ್ರೈವ್‌ವೇ ದಾಟೋದೂ ಕಷ್ಟ. ನಂಗೆ ಇದರ ಮೂತಿ ಇಷ್ಟ. ಕೂತ್ರೆ ರಸ್ತೆ ಕಾಣತ್ತೆ. ಸಾಕು."

"ಸ್ನೋ ಟೈರ್ ಹಾಕಿದ್ರೆ ಕಮಾರೋನೂ ಹೋಗತ್ತೆ."

"ಹೋಗ್ಲಿ. ನಾನು ಹೋಗಲ್ಲ." ಆಮೇಲೆ, "ಬೆಳಿಗ್ಗೆಯಿಂದ ಎಲ್ಲಾರೂ ನಂಗೆ ಏನು ಸರಿಹೋಗತ್ತೆ ಅಂತ ಹೇಳ್ತಿದಾರೆ. ನೀನೂ ಸೇರ್ಕೊಂಡ್ಯಾ?" ಎಂದಳು.

ಆ ಮಾರಾಟದವನ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದಳಲ್ಲ ಎಂದು ಸಂಕಟವಾಯಿತು. ನಾನು ಹೇಳಿದ್ದು ಅಂದಾಜಿನ ಮಾತಲ್ಲ, ತಿಳಿದು ಹೇಳಿದ್ದು. ತಿಳಿದು ಹೇಳಿದ್ದಕ್ಕೂ ತಿಳಿಯದೆ ಹೇಳಿದ್ದಕ್ಕೂ ವ್ಯತ್ಯಾಸ ಬೇಡವೇ? ಆದರೆ ಕಾರು ಅವಳದು, ದುಡಿದದ್ದು ಅವಳು, ಹಿಮದಲ್ಲಿ ಹೋಗಬೇಕಾದವಳೂ ಅವಳೇ. ಇದನ್ನೂ ನಾನು ಅಲ್ಲಗಳೆಯಲಾರೆ. ಅವಳು ಒಳಗೆ ಹೋಗಿ ತನ್ನ ಹೆಸರಿನಲ್ಲಿ ಸಹಿ ಹಾಕುವ ತನಕ ನಾನು ಹೊರಗೇ ನಿಂತು ಆ ಮಸ್ಟಾಂಗಿನ ಚಕ್ರಕ್ಕೆ ಅಂಟಿದ್ದ ಹುಲ್ಲನ್ನು ನೋಡುತ್ತಿದ್ದೆ.

ಗೆಳತಿಯ ಗಂಡ ನನ್ನ ಪಕ್ಕಕ್ಕೆ ಬಂದು ನಿಂತರು. "ನೀವು ಹೇಳಿದ್ರಿ, ನಾನು ಕೇಳ್ಲಿಲ್ಲ," ಎಂದರು.

"ಹೂಂ," ಎಂದೆ. ಅದಕ್ಕಿಂತ ಹೆಚ್ಚು ಕರುಣೆ ಆ ಹೊತ್ತಿಗೆ ನನ್ನಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಲೆಮಾಂಟಿನ ದೇವಸ್ಥಾನಕ್ಕೆ ಹೋಗಿ ಕಾರಿಗೆ ಪೂಜೆ ಮಾಡಿಸಿದೆವು. ಗೆಳತಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಮುಂದೆ ಬಂದಾಗ ಪಾರ್ಕಿಂಗಿನಲ್ಲಿದ್ದವರೆಲ್ಲ ನಿಂತು ನೋಡಿದರು. ಪರಿಚಯದ ಹಿರಿಯರೊಬ್ಬರು ಗೆಳತಿಯ ಗಂಡನ ಹೆಗಲ ಮೇಲೆ ಕೈ ಹಾಕಿದರು.

"ಏನಪ್ಪಾ, ಮಿಡ್‌ಲೈಫ್ ಕ್ರೈಸಿಸ್ಸಾ?"

"ನಂದಲ್ಲ ಅಂಕಲ್. ಅವಳದು."

"ಓಹೋ! ಇಂಥಾ ಗಾಡೀನ ಅವರು ಓಡಿಸ್ತಾರಾ? ನೀನು ಬಿಡ್ತೀಯಾ?"

ನನ್ನ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವರೇ ಹೇಳಿದರು: "ಬಿಡೋಕೆ ನಾನ್ಯಾರು ಅಂಕಲ್? ನಿನ್ನೆ ನಾನು ಒಂದು ಕಾರನ್ನ ಹುಲ್ಲಿಗೆ ಇಳಿಸಿದೆ. ಅದನ್ನ ಮೇಲೆ ತಂದವಳು ಅವಳು." ಜನರೆದುರು, ದೊಡ್ಡ ದನಿಯಲ್ಲಿ. ಅಂಕಲ್ ನಕ್ಕು ಮಾತು ಬದಲಾಯಿಸಿದರು. ಗೆಳತಿಯ ಗಂಡನ ಮೇಲಿದ್ದ ನನ್ನ ಸಿಟ್ಟು ಮುಕ್ಕಾಲು ಪಾಲು ಅಲ್ಲೇ ಇಳಿಯಿತು. ನ್ಯಾಪ್ಕಿನ್ನಿನ ಪಾಠದ್ದು ಕಾಲು ಪಾಲು ಉಳಿದಿದೆ.

ಕಾರಿನ ಲಾಟಿನವರ ಮೇಲಿನದು ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ. ಕಾಗದಪತ್ರವೆಲ್ಲ ಗೆಳತಿಯ ಹೆಸರಿನಲ್ಲಿದ್ದರೂ ಅವರ ಕಡೆಯಿಂದ ಫೋನು ಬರುವುದು ಅವಳ ಗಂಡನಿಗೇ. ಎಣ್ಣೆ ಬದಲಾಯಿಸುವ ಸಮಯವಾಯಿತು ಸರ್, ಕಾರು ಖುಷಿ ಕೊಡುತ್ತಿದೆಯೇ ಸರ್. ಗೆಳತಿ ಒಂದು ಸಾರಿ ತಾನೇ ಫೋನ್ ಮಾಡಿ ತಿದ್ದಿಸಿದಳು. ಮುಂದಿನ ಸಾರಿ ಮತ್ತೆ ಅವರಿಗೇ ಬಂತು.

ಚಳಿಗಾಲ ಬಂತು. ಹಿಮ ಬಿದ್ದ ದಿನಗಳಲ್ಲಿ ಅವಳು ಆಸ್ಪತ್ರೆಯ ಪಾರ್ಕಿಂಗಿನಿಂದ ಕಾರಿನ ಫೋಟೋ ಕಳಿಸುತ್ತಿದ್ದಳು. ಜೊತೆಗೆ ಒಂದು ಮಾತೂ ಇರುತ್ತಿರಲಿಲ್ಲ. ನಾನೂ ಏನೂ ಬರೆಯುತ್ತಿರಲಿಲ್ಲ. ಮಾರ್ಚಿನಲ್ಲಿ ಒಂದು ವಾರಾಂತ್ಯ ಅದರಲ್ಲೇ ಲಿವೋನಿಯಾಕ್ಕೆ, ನಮ್ಮ ಮನೆಗೆ ಬಂದಳು. ಬರುವ ದಾರಿಯಲ್ಲಿ ಪಕ್ಕದ ದೊಡ್ಡ ಸರೋವರದ ಕಡೆಯಿಂದ ಹಿಮ ಬೀಸಿ, ಹೆದ್ದಾರಿಯುದ್ದಕ್ಕೂ ಕಾರುಗಳು ಪಕ್ಕದ ಚರಂಡಿಗೆ ಇಳಿದು ನಿಂತಿದ್ದವಂತೆ. ಅವಳದು ಒಮ್ಮೆಯೂ ಜಾರಲಿಲ್ಲವಂತೆ. ಅಷ್ಟು ಹೇಳಿ ನನ್ನ ಮುಖ ನೋಡಿದಳು. ನಾನು ಕಾಫಿಗೆ ಹಾಲು ಕಾಯಿಸಲು ಎದ್ದೆ.

ಭಾನುವಾರ ಬಿಸಿಲು ಬಂತು, ರಸ್ತೆ ಒಣಗಿತು. ನಮ್ಮ ಲಿವೋನಿಯಾ ಪಕ್ಕದಲ್ಲಿ ಹೊಳೆಯ ಜೊತೆಜೊತೆಗೇ ಸುತ್ತಿ ಬಳಸಿ ಹೋಗುವ ಹೈನ್ಸ್ ಡ್ರೈವ್ ಎಂಬ ರಸ್ತೆಯಿದೆ. ಅಲ್ಲಿಗೆ ಕರೆದುಕೊಂಡು ಹೋದೆ. "ಇಲ್ಲಿ ತಿರುವು ಇದೆ. ಈಗ ನೋಡು ನಿನ್ನ ದೋಣಿ ಏನ್ ಮಾಡತ್ತೆ ಅಂತ," ಎಂದೆ. ಎರಡು ತಿರುವು ಕಳೆಯುವಷ್ಟರಲ್ಲಿ, ಬ್ರೇಕ್ ಮೊದಲು, ಸ್ಟೀರಿಂಗ್ ಆಮೇಲೆ, ಈಗ ಬಿಡು, ಈಗ ಒತ್ತು ಎಂದು ನಾನು ಹೇಳಿದ್ದು ಕೇಳಿ ಕೇಳಿ ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. "ಇಳಿ. ನೀನೇ ಓಡ್ಸು."

ಓಡಿಸಿದೆ. ಒಣ ರಸ್ತೆಯಲ್ಲಿ ಅದರ ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವುದಿಲ್ಲ, ಹಿಂದಿನವೇ ತಳ್ಳುತ್ತವೆ. ಹಿಂದಿನವು ಜಾರತೊಡಗಿದರೆ, ಅಥವಾ ಹೊರಗೆ ತೀರಾ ಚಳಿಯಿದ್ದರೆ, ಮುಂದಿನವೂ ಕೈಗೂಡಿಸುತ್ತವೆ. ಆ ಜೋಡಣೆ ಅಚ್ಚುಕಟ್ಟಾಗಿದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ತಿರುವಿನಲ್ಲಿ ಮೈ ವಾಲಿತು. ಸ್ಟೀರಿಂಗಿಗೆ ರಸ್ತೆಯ ಸುದ್ದಿ ಬಹಳ ನಿಧಾನವಾಗಿ ಬಂತು. ಆದರೆ ಕಿಟಕಿಯಾಚೆ ಹೊಳೆ, ಎಲೆಯಿಲ್ಲದ ಮರಗಳು, ಅಲ್ಲಲ್ಲಿ ಉಳಿದ ಹಿಮದ ಪಟ್ಟಿಗಳು, ಎಲ್ಲವೂ ಚೆನ್ನಾಗಿ ಕಾಣುತ್ತಿದ್ದವು. ಕೊನೆಯ ತನಕ ಹೋಗಿ ತಿರುಗಿಸಿಕೊಂಡು ಬಂದೆ.

"ಈಗ ಹೇಳು," ಎಂದಳು.

"ತಿರುವಿಗೆ ಲಾಯಕ್ಕಿಲ್ಲ," ಎಂದೆ. "ಆಗ ಏನು ಹೇಳಿದ್ನೋ ಈಗ್ಲೂ ಅದೇ."

"ಸರಿ," ಎಂದಳು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. "ವಾಪಸ್ಸೂ ನೀನೇ ಓಡಿಸ್ತೀಯಾ?"

ಓಡಿಸುತ್ತೇನೆ ಎಂದೆ. ಮನೆಗೆ ಹತ್ತಿರದ ದಾರಿ ಬಿಟ್ಟು ಸುತ್ತು ದಾರಿಯಲ್ಲಿ ಹೋದೆ. ಅವಳು ಸೀಟು ಹಿಂದಕ್ಕೆ ಸರಿಸಿ, ಕಾಲು ಚಾಚಿ, ಕಣ್ಣು ಮುಚ್ಚಿದಳು.